ಮಗಳಿಗೆ ಸಿಎಂಎಲ್: ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡಬಹುದಾ?

ಪ್ರಶ್ನೆ (ಒಬ್ಬ ತಾಯಿ): ಮೇಡಂ, ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ. ಹೊಟ್ಟೆಯ ಎಡಭಾಗ ಗಟ್ಟಿಯಾಗಿದೆ ಅಂತ ತೋರಿಸೋಕೆ ಹೋದರೆ ಗುಲ್ಮ ದೊಡ್ಡದಾಗಿದೆ, ಬಿಳಿ ರಕ್ತಕಣ ಎರಡು ಲಕ್ಷ ದಾಟಿದೆ ಅಂದರು. ಆಮೇಲೆ ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಇಮ್ಯಾಟಿನಿಬ್ 100 ಮಿ.ಗ್ರಾಂ.ನ ಮೂರು ಮಾತ್ರೆ ದಿನಕ್ಕೊಂದು ಸಲ ಕೊಡ್ತಿದ್ದೀವಿ. ಮೂರು ತಿಂಗಳ ಪಿಸಿಆರ್ (ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಅಂತ ಅಳೆಯೋ ಟೆಸ್ಟ್) 6% ಬಂದಿದೆ, ಕೌಂಟ್ ನಾರ್ಮಲ್. ಆಟ, ಓದು ಎಲ್ಲಾ ಮೊದಲಿನ ಹಾಗೇ. ಆದರೆ ಮಾತ್ರೆ ತಗೊಂಡರೆ ವಾಕರಿಕೆ, ಒಮ್ಮೊಮ್ಮೆ ವಾಂತಿ. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡಿರುತ್ತೆ. ದಿನ ಬಿಟ್ಟು ದಿನ ಕೊಟ್ಟರೆ ಆಗಲ್ವಾ?

ಉತ್ತರ (ಮಕ್ಕಳ ರಕ್ತರೋಗ ತಜ್ಞೆ): ಬೇಡಮ್ಮ, ಒಂದು ದಿನವೂ ಬಿಡಬೇಡಿ. ಮೊದಲು ಒಳ್ಳೇ ಸುದ್ದಿ: ಮೂರು ತಿಂಗಳಿಗೆ 10%ಗಿಂತ ಕೆಳಗೆ ಬರಬೇಕು, ನಿಮ್ಮದು 6%. ಔಷಧಿ ಹಿಡಿದಿದೆ.

ಕೌಂಟ್ ನಾರ್ಮಲ್ ಆಯಿತು ಅಂದರೆ ಕಾಯಿಲೆ ಹೋಯಿತು ಅಂತಲ್ಲ. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೀನ್ ಹುಟ್ಟಿರುತ್ತದೆ. ಅದರ ಪ್ರೋಟೀನ್ 'ಬೆಳೆಯಿರಿ' ಅಂತ ರಕ್ತಕಣಗಳಿಗೆ ಬಿಡುವಿಲ್ಲದೆ ಆಜ್ಞೆ ಕೊಡುತ್ತಿರುತ್ತದೆ. ಇಮ್ಯಾಟಿನಿಬ್ ಅದರ ಬಾಯಿ ಕಟ್ಟುತ್ತದೆ, ಆದರೆ ರಕ್ತದಲ್ಲಿ ಸಾಕಷ್ಟು ಇರುವಷ್ಟು ಹೊತ್ತು ಮಾತ್ರ. ದೊಡ್ಡವರಲ್ಲಿ ಸುಮಾರು 18 ಗಂಟೆಗೆ ಔಷಧಿಯ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ದಿನ ಬಿಟ್ಟು ದಿನ ಕೊಟ್ಟರೆ ಕಾಯಿಲೆಗೆ ನಾವೇ ರಜೆ ಕೊಟ್ಟ ಹಾಗೆ. ಔಷಧಿಗೆ ಬಗ್ಗದ ಕಣಗಳು ತಲೆಯೆತ್ತಲು ಅಷ್ಟು ಸಾಕು. ಆರು ತಿಂಗಳಿಗೆ 1%, ವರ್ಷಕ್ಕೆ 0.1% ನಮ್ಮ ಗುರಿ.

ವಾಂತಿಗೆ ದಾರಿ ಇದೆ. ದಿನದ ದೊಡ್ಡ ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ ಕೊಡಿ. ತಕ್ಷಣ ಮಲಗಲು ಬಿಡಬೇಡಿ. ನುಂಗೋಕೆ ಕಷ್ಟವಾದರೆ ಪುಡಿ ಮಾಡಬೇಡಿ, 100 ಮಿ.ಗ್ರಾಂ.ಗೆ 50 ಮಿ.ಲೀ. ಲೆಕ್ಕದಲ್ಲಿ, ಅಂದರೆ 150 ಮಿ.ಲೀ. ನೀರಿಗೋ ಸೇಬಿನ ಜ್ಯೂಸಿಗೋ ಮೂರೂ ಮಾತ್ರೆ ಹಾಕಿ, ಕದಡಿ, ಆಗಲೇ ಕುಡಿಸಿ. ತಳದಲ್ಲಿ ಉಳಿದದ್ದಕ್ಕೆ ಇನ್ನಷ್ಟು ನೀರು ಹಾಕಿ ಅಲುಗಿಸಿ ಅದನ್ನೂ ಕುಡಿಸಿ, ಬಹಳ ಜನ ಇದನ್ನೇ ಮರೆಯುತ್ತಾರೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸ ಅವರಿಗೆ ಬೇಡ. ವಾಂತಿಯಾಯಿತು ಅಂತ ನೀವಾಗಿ ಇನ್ನೊಂದು ಡೋಸ್ ಕೊಡಬೇಡಿ, ಎಷ್ಟು ಹೊತ್ತಿಗೆ ಆಯಿತು ಅಂತ ಬರೆದಿಟ್ಟು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ವಾಂತಿ ತಡೆಯುವ ಮಾತ್ರೆಯನ್ನೂ ಅವರು ಬರೆದುಕೊಡಬಹುದು.

ಕಣ್ಣಿನ ಊತ ಈ ಔಷಧಿಯಲ್ಲಿ ಸಾಮಾನ್ಯ. ಆದರೆ ತೂಕ ದಿಢೀರ್ ಏರಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ಅಂದೇ ತೋರಿಸಿ.

ಅದೇ ತಾಯಿ: ಥ್ಯಾಂಕ್ಸ್ ಮೇಡಂ. ಜ್ವರ, ಕೆಮ್ಮು ಬಂದರೆ ಮಾಮೂಲಿ ಔಷಧಿ ಕೊಡಬಹುದಾ?

ಉತ್ತರ: ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಜ್ವರವಾದರಂತೂ ಕೌಂಟ್ ನೋಡಬೇಕಾಗಬಹುದು. ಬೇರೆ ಯಾರಾದರೂ ಔಷಧಿ ಬರೆದರೆ ಇಮ್ಯಾಟಿನಿಬ್ ನಡೀತಿದೆ ಅಂತ ಹೇಳಲೇಬೇಕು. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಇದರ ಮಟ್ಟ ಏರಿಸುತ್ತವೆ. ಫಿಟ್ಸ್‌ಗೆ ಕೊಡುವ ಫಿನೈಟೋಯಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತವೆ. ಗ್ರೇಪ್‌ಫ್ರೂಟ್ ಬೇಡ. ಕಷಾಯ, ಗಿಡಮೂಲಿಕೆ ಮಾತ್ರೆಗಳನ್ನೂ ಕೇಳದೆ ಕೊಡಬೇಡಿ.

ಪ್ರಶ್ನೆ (ಒಬ್ಬ ತಂದೆ): ನನ್ನ ಮಗನಿಗೆ 13. ಎರಡು ವರ್ಷದಿಂದ ಇಮ್ಯಾಟಿನಿಬ್. ಪಿಸಿಆರ್ ಈಗ 0.01%. ಆದರೆ ಎತ್ತರ ಬೆಳೀತಾನೇ ಇಲ್ಲ. ಮಾತ್ರೆ ನಿಲ್ಲಿಸಬಹುದು ಅಂತ ಯಾರೋ ಹೇಳಿದರು.

ಉತ್ತರ: ಎತ್ತರದ ಚಿಂತೆ ಸುಮ್ಮನೆ ಅಲ್ಲ ಸರ್. ಮೈನೆರೆಯುವ ಮುಂಚೆ ಶುರುಮಾಡಿದ ಮಕ್ಕಳಲ್ಲಿ ಬೆಳವಣಿಗೆ ನಿಧಾನವಾಗುವುದು ಗೊತ್ತಿರುವ ವಿಷಯ. ಪ್ರತಿ ಭೇಟಿಯಲ್ಲೂ ಎತ್ತರ, ತೂಕ ಬರೆಸಿ. ಡೋಸ್ ಲೆಕ್ಕವೂ ದೇಹದ ಮೇಲ್ಮೈ ಮೇಲೆ, ಚದರ ಮೀಟರಿಗೆ ಸುಮಾರು 340 ಮಿ.ಗ್ರಾಂ. ಥೈರಾಯ್ಡ್, ವಿಟಮಿನ್ ಡಿ, ಮೂಳೆಯ ವಯಸ್ಸು ನೋಡಿಸಿ. ಇದೇ ಬಗೆಯ ಬೇರೆ ಔಷಧಿಗಳಾದ ಡಾಸಾಟಿನಿಬ್, ನಿಲೋಟಿನಿಬ್‌ಗೆ ಅಮೆರಿಕದಲ್ಲಿ 2017, 2018ರಲ್ಲಿ ಮಕ್ಕಳಿಗೂ ಅನುಮತಿ ಸಿಕ್ಕಿದೆ, ಆದರೆ ಬೆಳವಣಿಗೆಯ ತೊಂದರೆ ಅವುಗಳಲ್ಲೂ ಕಂಡಿದೆ. ಬರೀ ಎತ್ತರಕ್ಕೋಸ್ಕರ ಔಷಧಿ ಬದಲಿಸಿ ಅಂತ ನಾನಂತೂ ಹೇಳಲ್ಲ.

ನಿಲ್ಲಿಸುವ ವಿಚಾರ: ದೊಡ್ಡವರಲ್ಲಿ ವರ್ಷಗಟ್ಟಲೆ ಪಿಸಿಆರ್ ತೀರಾ ಕೆಳಗಿದ್ದವರಿಗೆ, ತಿಂಗಳು ತಿಂಗಳೂ ಟೆಸ್ಟ್ ಮಾಡುತ್ತಾ ನಿಲ್ಲಿಸುತ್ತಾರೆ. ಹಾಗಿದ್ದೂ ಸುಮಾರು ಅರ್ಧ ಜನರಿಗೆ ಮತ್ತೆ ಮಾತ್ರೆ ಶುರುಮಾಡಬೇಕಾಗುತ್ತದೆ. ಮಕ್ಕಳಲ್ಲಿ ಅನುಭವ ಕಡಿಮೆ, ಎರಡು ವರ್ಷಕ್ಕೆ ಅದು ಬೇಗವಾಯಿತು. ಇನ್ನೊಂದು ಮಾತು: ಈ ವಯಸ್ಸಿನ ಹುಡುಗರು ಮಾತ್ರೆಯನ್ನು ದಿಂಬಿನ ಕೆಳಗೆ ಸೇರಿಸುವುದೂ ಉಂಟು. ಪಿಸಿಆರ್ ಏರಿದಾಗ ನಾನು ಮೊದಲು ಕೇಳುವುದೇ ಅದನ್ನು.

ಪ್ರಶ್ನೆ (ಇನ್ನೊಬ್ಬರು): ಬೋನ್ ಮ್ಯಾರೋ ಕಸಿ ಒಂದೇ ಸಲಕ್ಕೆ ಮಾಡಿಸಿಬಿಟ್ಟರೆ? ಲಸಿಕೆ ಹಾಕಿಸಬಹುದಾ?

ಉತ್ತರ: 2001ರಲ್ಲಿ ಇಮ್ಯಾಟಿನಿಬ್ ಬರುವ ಮೊದಲು ಕಸಿಯೇ ದೊಡ್ಡ ದಾರಿಯಾಗಿತ್ತು. ಅದರ ಅಪಾಯ ಕಡಿಮೆಯದಲ್ಲ, ಹಾಗಾಗಿ ಈಗ ಮಾತ್ರೆಗಳು ಕೈಕೊಟ್ಟಾಗ ಅಥವಾ ಕಾಯಿಲೆ ಬ್ಲಾಸ್ಟ್ ಎಂಬ ತೀವ್ರ ಹಂತಕ್ಕೆ ಹೋದಾಗ ಮಾತ್ರ. ಲಸಿಕೆಯಲ್ಲಿ ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ಮಾತ್ರೆ ನಡೆಯುವಾಗ ಸಾಮಾನ್ಯವಾಗಿ ಹಾಕಿಸುವುದಿಲ್ಲ. ಫ್ಲೂ ಇಂಜೆಕ್ಷನ್ ಹಾಕಿಸಬಹುದು, ಮನೆಮಂದಿಯೂ ಹಾಕಿಸಿಕೊಳ್ಳಿ.