ಮಳೆಗಾಲಕ್ಕೆ ಪೆಟ್ರೋಲ್ ಪಂಪ್ ಎತ್ತಿಡುವುದು ಹೇಗೆ?

ಸಿದ್ದಾಪುರ ತೋಟ: ನಮ್ಮದು ಎರಡಿಂಚಿನ ಪೆಟ್ರೋಲ್ ಪಂಪ್, ಫೋರ್ ಸ್ಟ್ರೋಕ್ ಎಂಜಿನ್. ಬೇಸಿಗೆಯಲ್ಲಿ ಕೆರೆಯಿಂದ ಮೆಣಸಿನ ಬಳ್ಳಿಗೆ, ಕಾಫಿ ನರ್ಸರಿಗೆ ನೀರು ಬಿಡುವುದಷ್ಟೇ ಅದರ ಕೆಲಸ. ಮಳೆ ಹಿಡಿದ ಮೇಲೆ ಶೆಡ್ ಸೇರಿದರೆ ಮತ್ತೆ ಹೊರಗೆ ಬರುವುದು ಜನವರಿಯಲ್ಲೇ. ಈ ವರ್ಷ ತೆಗೆದಾಗ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಿದರೆ ಒಳಗೆಲ್ಲ ಅಂಟು ಗಸಿ, ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಂಡಿತ್ತು. ಈಗ ಮತ್ತೆ ಮೋಡ ಕಟ್ಟುತ್ತಿದೆ. ಕೆನಡಾದಲ್ಲಿರುವ ಭಾವ ಅವರ ಸ್ನೋಬ್ಲೋವರನ್ನು (ಹಿಮ ತೆಗೆಯುವ ಮೆಷಿನ್) ಚಳಿಗಾಲ ಮುಗಿದಾಗ ಟ್ಯಾಂಕ್ ಫುಲ್ ಮಾಡಿ, ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ಸ್ಟೆಬಿಲೈಸರ್ ಹಾಕಿ ಇಡುತ್ತಾರಂತೆ. ಇಲ್ಲಿಗೂ ಅದು ಸರಿ ಹೋಗುತ್ತಾ?

ಸೋಮವಾರಪೇಟೆ ವರ್ಕ್‌ಶಾಪ್: ಭಾವ ಮಾಡುವುದು ತಪ್ಪಲ್ಲ ಸಾರ್. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಕಡಿಮೆ, ನೀರಿನ ಪಸೆಯೂ ಕಡಿಮೆ. ಆದರೆ ನಮ್ಮಲ್ಲಿ ಜೂನ್ ಬಂತೆಂದರೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಅಲ್ವಾ? ಈಗ ಬಂಕಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಕಾರ್ಬುರೇಟರಿಗೆ ಮೊದಲು ಹೋಗುವುದು ಆ ತಳದ್ದೇ. ಹಾಗೆ ಬೇರೆಯಾದ ಮೇಲೆ ಸ್ಟೆಬಿಲೈಸರಿನಿಂದ ಏನೂ ಆಗುವುದಿಲ್ಲ. ಆರೇಳು ತಿಂಗಳು ಮುಟ್ಟದ ಮೆಷಿನನ್ನು ಖಾಲಿ ಮಾಡಿ ಇಡುವುದೇ ಸರಿ.

ಟ್ಯಾಂಕಿನದ್ದನ್ನು ಕ್ಯಾನಿಗೆ ಬಸಿಯಿರಿ, ಹೊಸದಾಗಿದ್ದರೆ ಬೈಕಿಗೆ ಆಗುತ್ತದೆ. ಆಮೇಲೆ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಆದರೆ ಪಂಪಿನಲ್ಲಿ ನೀರು ಇರಲೇಬೇಕು, ಸುಮ್ನೆ ಒಣಗಿದ್ದು ಓಡಿಸಿದರೆ ಒಳಗಿನ ಸೀಲ್ ಸುಟ್ಟುಹೋಗುತ್ತದೆ. ನಿಂತಿತು ಅಂದರೆ ಖಾಲಿಯಾಯಿತು ಅಂತಲ್ಲ. ಕಾರ್ಬುರೇಟರ್ ಬಟ್ಟಲಲ್ಲಿ ಸ್ವಲ್ಪ ಉಳಿದಿರುತ್ತದೆ, ಒಣಗಿ ಗಸಿಯಾಗುವುದು ಅದೇ. ಎಂಜಿನ್ ಮುಟ್ಟುವಷ್ಟು ತಣ್ಣಗಾಗಲಿ, ಆಮೇಲೆ ಬಟ್ಟಲ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಕೊನೆಯ ಹನಿವರೆಗೂ ಇಳಿಸಿ. ಎಷ್ಟೋ ಜನ ಇದೊಂದನ್ನು ಬಿಟ್ಟುಬಿಡುತ್ತಾರೆ.

ಉಗುರು ಬೆಚ್ಚಗಿರುವಾಗಲೇ ಆಯಿಲ್ ಬದಲಾಯಿಸಿ, 10ಡಬ್ಲ್ಯು-30 ಗ್ರೇಡಿನದ್ದು ಸಾಕು. ಓಡಿದ ಆಯಿಲಿನಲ್ಲಿ ಆಮ್ಲ, ನೀರು ಸೇರಿರುತ್ತದೆ, ತಿಂಗಳುಗಟ್ಟಲೆ ಒಳಗೆ ಕೂತರೆ ಬೇರಿಂಗಿಗೆ ಒಳ್ಳೆಯದಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಒಂದು ಟೀ ಚಮಚ ಹೊಸ ಆಯಿಲ್ ಬಿಡಿ, ಮೇಲೆ ಬಟ್ಟೆ ಹಿಡಿದು ನಾಲ್ಕೈದು ಸಲ ಹಗ್ಗ ಎಳೆಯಿರಿ. ಪ್ಲಗ್ ಮತ್ತೆ ಹಾಕಿ, ಹಗ್ಗವನ್ನು ನಿಧಾನಕ್ಕೆ ಬಿಗಿ ಸಿಗುವ ತನಕ ಎಳೆದು ಅಲ್ಲೇ ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವದ ಗಾಳಿ ಸಿಲಿಂಡರಿಗೆ ನುಗ್ಗುವುದಿಲ್ಲ.

ವಿರಾಜಪೇಟೆ: ಒಂದು ಮಾತು ಸೇರಿಸುತ್ತೇನೆ. ತಗಡಿನ ಟ್ಯಾಂಕ್ ಖಾಲಿ ಬಿಟ್ಟರೆ ಒಳಗೆ ತುಕ್ಕು ಹಿಡಿಯುತ್ತದೆ. ಸ್ವಲ್ಪ ಆಯಿಲ್ ಹಾಕಿ ಎಲ್ಲ ಕಡೆಗೂ ತಾಗುವ ಹಾಗೆ ಅಲ್ಲಾಡಿಸಿ, ಮುಂದೆ ಪೆಟ್ರೋಲ್ ಹಾಕುವ ಮೊದಲು ಚೆಲ್ಲಿಬಿಡಿ. ಪಂಪಿನ ಕೆಳಗಿನ ಪ್ಲಗ್ ಬಿಚ್ಚಿ ನೀರು, ಕೆಸರು ಪೂರ್ತಿ ಹೋಗಲಿ. ಸೈಲೆನ್ಸರ್ ಬಾಯಿಗೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಇಲಿ ಏರ್ ಫಿಲ್ಟರ್ ಸ್ಪಂಜನ್ನೂ ಬಿಡುವುದಿಲ್ಲ. ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಲಗೆ ಮೇಲಿಟ್ಟು ಹಳೆ ಕಾಟನ್ ಬೆಡ್‌ಶೀಟ್ ಹೊದಿಸಿ.

ಸಿದ್ದಾಪುರ ತೋಟ: ಇದೆಲ್ಲ ಬಿಟ್ಟು ತಿಂಗಳಿಗೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಆಗಲ್ವಾ?

ಸೋಮವಾರಪೇಟೆ ವರ್ಕ್‌ಶಾಪ್: ಬೇಡ ಸಾರ್. ಎರಡು ನಿಮಿಷಕ್ಕೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಉರಿದಾಗ ಹುಟ್ಟುವ ನೀರಾವಿ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ಉಳಿದುಬಿಡುತ್ತದೆ. ಓಡಿಸುವುದಾದರೆ ನೀರು ಎತ್ತುತ್ತಾ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮುಟ್ಟಬೇಡಿ. ಜನವರಿಯಲ್ಲಿ ತೆಗೆದಾಗ ಹೊಸ ಪೆಟ್ರೋಲ್ ಹಾಕಿ. ಮೊದಲ ಸಲ ಸ್ವಲ್ಪ ಹೊಗೆ ಬರುತ್ತದೆ, ಸಿಲಿಂಡರಿಗೆ ಬಿಟ್ಟ ಆಯಿಲ್ ಅದು, ಹೆದರಬೇಡಿ.