ಹತ್ತು ಹಾಸಿಗೆಯ ಆರೈಕೆ ಮನೆ: ಹಿರಿಯರು ಇಲ್ಲಿ ಸುರಕ್ಷಿತರೆಂದು ತೋರಿಸುವುದು ಹೇಗೆ? ಅನುಭವಸ್ಥರು ತಿಳಿಸಿ

ಸಂತೆಕಟ್ಟೆ (ಕೇಳಿದವರು): ಕುವೈತಿನಲ್ಲಿ 14 ವರ್ಷ ನರ್ಸ್ ಆಗಿದ್ದು ಊರಿಗೆ ಮರಳಿದ್ದೇನೆ. ಅಜ್ಜಿಯ ಮನೆಯನ್ನು ದುರಸ್ತಿ ಮಾಡಿಸಿ, ಮರೆವಿನ ಕಾಯಿಲೆಯವರಿಗೂ ಹಾಸಿಗೆ ಹಿಡಿದವರಿಗೂ 10 ಹಾಸಿಗೆಗಳ ಆರೈಕೆ ಮನೆ ತೆರೆಯುತ್ತಿದ್ದೇನೆ. ನೋಡಲು ಬಂದವರು ಬಿಸಿನೀರು, ಎ.ಸಿ., ಕ್ಯಾಮೆರಾಗಳನ್ನು ವಿಚಾರಿಸಿದರೇ ಹೊರತು, "ನಮ್ಮ ಅಮ್ಮನ ಮೇಲೆ ನಿಮ್ಮ ಕೆಲಸದವರು ಕೈ ಮಾಡಿದರೆ ಅದು ನಿಮಗೆ ಗೊತ್ತಾಗುವ ದಾರಿ ಯಾವುದು" ಎಂದು ಒಬ್ಬರೂ ಕೇಳಲಿಲ್ಲ. ಯಾರೂ ಕೇಳದಿದ್ದರೂ ತೋರಿಸಲು ನನ್ನ ಬಳಿ ಏನೇನು ಇರಬೇಕು? 6 ಮಂದಿ ಸಿಬ್ಬಂದಿಯಲ್ಲಿ 4 ಮಂದಿ ಹೊರರಾಜ್ಯದವರು.

ಬಿಜೈ: ನನ್ನ ತಾಯಿಯನ್ನು ಎರಡು ವರ್ಷದ ಹಿಂದೆ ನಗರದ ಹೊರವಲಯದ ಒಂದು ಆರೈಕೆ ಮನೆಗೆ ಸೇರಿಸಿದ್ದೆ. ಮುಂಗಡ 50,000 ರೂಪಾಯಿ, ತಿಂಗಳಿಗೆ 28,000, ಡೈಪರಿಗೆ ಬೇರೆ 4,200, ಬಟ್ಟೆ ಒಗೆಯುವುದಕ್ಕೆ ಬೇರೆ 800. ಐದನೆಯ ವಾರ ಹೋದಾಗ ಕೋಣೆಯಲ್ಲಿ ಊದುಬತ್ತಿಯ ಪರಿಮಳ ಅತಿಯಾಗಿತ್ತು. ಅಮ್ಮನನ್ನು ಮಗ್ಗುಲು ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಮುಷ್ಟಿಯಷ್ಟು ಅಗಲದ ಹುಣ್ಣು. "ಇದು ಬರುವಾಗಲೇ ಇತ್ತು" ಎಂದರು. ಇರಲಿಲ್ಲ ಎನ್ನಲು ನನ್ನಲ್ಲಿ ಕಾಗದವಿರಲಿಲ್ಲ, ಇತ್ತು ಎನ್ನಲು ಅವರಲ್ಲೂ ಇರಲಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಪಟ್ಟಿಯನ್ನು ಮಾತ್ರ ಬಹಳ ಹೆಮ್ಮೆಯಿಂದ ತೋರಿಸಿದರು. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈಬರಹ, ಹಗಲೂ ಅದೇ, ರಾತ್ರಿಯೂ ಅದೇ. ನಾನೇ ಅಮ್ಮನನ್ನು ಸ್ಕ್ಯಾನಿಗೆಂದು ಆಸ್ಪತ್ರೆಗೆ ಕರೆದೊಯ್ದಿದ್ದ ದಿನ ಮಧ್ಯಾಹ್ನ 2 ಗಂಟೆಗೂ "ಎಡಮಗ್ಗುಲು" ಎಂದು ಗುರುತು ಹಾಕಿತ್ತು! ಆಮೇಲೆ ಆಸ್ಪತ್ರೆಯಲ್ಲಿ 19 ದಿನ, 1,86,000 ರೂಪಾಯಿ. ಮನೆಯಲ್ಲಿ ದಿನಕ್ಕೆ 450ರಂತೆ 11 ವಾರ ಡ್ರೆಸ್ಸಿಂಗ್. ಗಾಳಿ ತುಂಬುವ ಹಾಸಿಗೆಗೆ 6,500. ಮುಂಗಡ ಹಿಂದಿರುಗಿಸುವಾಗ ಗೋಡೆಗೆ ಬಣ್ಣ ಬಳಿಯುವ ಖರ್ಚೆಂದು 12,000 ಮುರಿದುಕೊಂಡರು. ಎದ್ದು ಕೂರಲಾಗದ ನನ್ನ ತಾಯಿ ಯಾವ ಗೋಡೆಯನ್ನು ಕೆಡಿಸಿದರೋ ತಿಳಿಯದು. ಸೇರಿಸುವ ದಿನವೇ ನೆತ್ತಿಯಿಂದ ಹಿಮ್ಮಡಿಯವರೆಗೆ ಮೈ ನೋಡಿ, ಇರುವ ಗಾಯಗಳನ್ನೂ ಕಲೆಗಳನ್ನೂ ಬರೆದು ಎರಡೂ ಕಡೆಯವರು ಸಹಿ ಹಾಕದ ಮನೆಯನ್ನು ನಾನಿನ್ನು ನಂಬುವುದಿಲ್ಲ.

ಕದ್ರಿ: ಇಂಥದ್ದನ್ನು ಕೇಳಿಯೇ ನಾನು ತಂದೆಯವರನ್ನು ಮನೆಯಲ್ಲೇ ಇಟ್ಟುಕೊಂಡೆ. ಹೆತ್ತವರನ್ನು ಎಲ್ಲೋ ಹಾಕಿ ಬಂದು ಆಮೇಲೆ ಪೆನ್ನಿನ ಬಣ್ಣ ಪರೀಕ್ಷಿಸುವ ಸ್ಥಿತಿ ನನಗೆ ಬರಲಿಲ್ಲ. ಆದರೆ ಮನೆಯೆಂದರೆ ಅಗ್ಗವೆಂದು ಯಾರೂ ತಿಳಿಯಬಾರದು. 14 ತಿಂಗಳಲ್ಲಿ 7 ಹೋಮ್ ನರ್ಸ್‌ಗಳು, ತಿಂಗಳಿಗೆ 24,000 ಸಂಬಳ, ಪ್ರತಿ ಬದಲಾವಣೆಗೂ ಏಜೆನ್ಸಿಗೆ ಮತ್ತೆ 5,000. ಪೊಲೀಸ್ ಪರಿಶೀಲನೆಯ ಪತ್ರ ಕೇಳಿದಾಗ ಜೆರಾಕ್ಸ್ ಪ್ರತಿಯೊಂದನ್ನು ಕಳುಹಿಸಿದರು. ಅದರಲ್ಲಿದ್ದ ಮುಖಕ್ಕೂ ಬಾಗಿಲಲ್ಲಿ ನಿಂತ ಮುಖಕ್ಕೂ ಸಂಬಂಧವಿರಲಿಲ್ಲ. 21,500 ಕೊಟ್ಟು 4 ಕ್ಯಾಮೆರಾ ಹಾಕಿಸಿದ ಮೇಲಷ್ಟೇ, ರಾತ್ರಿ ಒಂದು ಮಾತ್ರೆಯ ಬದಲು ಎರಡು ಕೊಟ್ಟು ತಂದೆಯವರನ್ನು ಮಲಗಿಸಿ ತಾನೂ ಮಲಗುತ್ತಿದ್ದ ಮೂರನೆಯವನು ಸಿಕ್ಕಿಬಿದ್ದ. ಕ್ಯಾಮೆರಾ ಇಲ್ಲದ ಕಡೆ ಹೇಳುವ ಮಾತೆಲ್ಲ ಬರಿಯ ಆಣೆ ಪ್ರಮಾಣ.

ಬಿಜೈ: "ಹಾಕಿ ಬಂದು" ಎಂಬ ಮಾತನ್ನು ದಯವಿಟ್ಟು ಹಿಂದೆಗೆದುಕೊಳ್ಳಿ. ಎರಡು ಪಾಳಿಯ ಕೆಲಸ ಮಾಡಿ, ಬೆನ್ನು ಮುರಿದುಕೊಂಡು, ಅಮ್ಮನನ್ನು ಎತ್ತಲಾಗದ ದಿನ ನಾನು ಆ ನಿರ್ಧಾರಕ್ಕೆ ಬಂದೆ. ಏಳು ಮಂದಿ ಅಪರಿಚಿತರ ಕೈಗೆ ತಂದೆಯವರನ್ನು ಒಪ್ಪಿಸಿ ಫೋನಿನ ಪರದೆ ನೋಡುತ್ತಿದ್ದವರು ನನಗೆ ಬುದ್ಧಿ ಹೇಳಬೇಕಾಗಿಲ್ಲ.

ಕುಲಶೇಖರ: ನಾನು 9 ವರ್ಷದಿಂದ ಹೋಮ್ ನರ್ಸ್ ಕೆಲಸ ಮಾಡುತ್ತಿದ್ದೇನೆ. ಕದ್ರಿಯ ಅಣ್ಣನ ಮಾತು ಓದಿ ಸುಮ್ಮನಿರಲಾಗಲಿಲ್ಲ. ನಾನಿದ್ದ ಒಂದು ಮನೆಯಲ್ಲಿ ಕ್ಯಾಮೆರಾ ಹಾಸಿಗೆಗೆ ನೇರವಾಗಿತ್ತು. ಆ ಅಮ್ಮನ ಬಟ್ಟೆ ಬದಲಿಸುವುದು, ಒರೆಸುವುದು ಎಲ್ಲವೂ ಬೆಂಗಳೂರಿನಲ್ಲಿರುವ ಮಗನಿಗೂ ಅಳಿಯನಿಗೂ ಕಾಣುತ್ತಿತ್ತು. ಬುದ್ಧಿ ಸ್ವಲ್ಪ ಸ್ವಚ್ಛವಿದ್ದ ದಿನ ಆ ಅಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಇದೂ ಹಿಂಸೆಯೇ ಎಂದು ಯಾರಿಗೆ ಹೇಳುವುದು?

ಮತ್ತೊಂದು ಮನೆಯಲ್ಲಿ ಮಗನೇ ತಾಯಿಯ ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿ ನಾಲ್ಕು ಕಾಗದಗಳ ಮೇಲೆ ಒತ್ತಿಸಿಕೊಂಡದ್ದನ್ನು ಕಣ್ಣಾರೆ ಕಂಡೆ. ಏಜೆನ್ಸಿಗೆ ಹೇಳಿದರೆ "ಸಂಬಳ ಕೊಡುವವರು ಅವರು, ನೀನು ಸುಮ್ಮನಿರು" ಎಂದರು. ಮೂರನೆಯ ದಿನ ಬಳೆಯೊಂದು ಕಾಣೆಯಾಗಿದೆಯೆಂದು ನನ್ನ ಚೀಲ ಬರಿದು ಮಾಡಿಸಿದರು; ಬಳೆ ಕಪಾಟಿನಲ್ಲೇ ಸಿಕ್ಕಿತು, ನನ್ನ 17 ದಿನದ ಸಂಬಳ ಮಾತ್ರ ಈವರೆಗೂ ಸಿಗಲಿಲ್ಲ. ಅಕ್ಕ, ನಿಮ್ಮಲ್ಲಿ ಕೆಲಸ ಮಾಡುವ ಹುಡುಗಿಯರು ನಿಮ್ಮ ವಿರುದ್ಧವೇ ದೂರು ಹೇಳಬೇಕಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅಡುಗೆಮನೆಯ ಗೋಡೆಯ ಮೇಲೆ, ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದಿಡಿ. ಹಿರಿಯ ನಾಗರಿಕರ ಸಹಾಯವಾಣಿ 14567 ಅದರ ಪಕ್ಕದಲ್ಲಿರಲಿ.

ಕದ್ರಿ: ಕ್ಯಾಮೆರಾ ಎಲ್ಲಿಗೆ ತಿರುಗಿರಬೇಕು ಎಂಬ ವಿವೇಕ ನನಗಿದೆ. ಕೆಲಸದವರಿಗೆ ಕ್ಯಾಮೆರಾ ಇಷ್ಟವಾಗದಿರುವುದು ಹೊಸ ವಿಷಯವೂ ಅಲ್ಲ.

ಕುಲಶೇಖರ: ಏಳು ಮಂದಿ ಬಿಟ್ಟುಹೋದ ಮನೆಯಲ್ಲಿ ತಪ್ಪು ಏಳು ಮಂದಿಯದ್ದೇ ಎಂದು ನೀವು ನಂಬಿದ್ದರೆ ನನಗೆ ಹೇಳುವುದೇನೂ ಉಳಿದಿಲ್ಲ.

ಕಾಪು: ಹೆಬ್ಬೆಟ್ಟಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ದೊಡ್ಡಮ್ಮ ಒಂದು ಆಶ್ರಮದಲ್ಲಿದ್ದರು. ಅವರ ಮಗ "ದೇವಸ್ಥಾನಕ್ಕೆ ಕರೆದೊಯ್ಯುತ್ತೇನೆ" ಎಂದು ಹೊರಗೆ ಕರೆತಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 42 ಸೆಂಟ್ಸ್ ಜಾಗದ ದಾನಪತ್ರ ಮಾಡಿಸಿಕೊಂಡ. ಅದರ ಮುಂದಿನ ತಿಂಗಳಿನಿಂದ ಆಶ್ರಮದ ಹಣ ಕಟ್ಟುವುದನ್ನೇ ನಿಲ್ಲಿಸಿದ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳುವ ಷರತ್ತಿನ ಮೇಲೆ ಪಡೆದ ಆಸ್ತಿಯ ದಾನವನ್ನು, ನೋಡಿಕೊಳ್ಳದಿದ್ದಾಗ ಅಸಿಂಧುವೆಂದು ಘೋಷಿಸಲು ಅವಕಾಶವಿದೆ. ಓದಲು ಬಹಳ ಸೊಗಸು. ಆದರೆ ಇಂಥ ಅರ್ಜಿ ವಿಚಾರಿಸುವ ಸಹಾಯಕ ಕಮಿಷನರ್ ನಮ್ಮ ಜಿಲ್ಲೆಗೆ ಕೂರುವುದು ಕುಂದಾಪುರದಲ್ಲಿ. 80 ದಾಟಿದವರನ್ನು ಕಾರಿನಲ್ಲಿ ಮಲಗಿಸಿಕೊಂಡು ಕಾಪುವಿನಿಂದ 11 ಬಾರಿ ಹೋಗಿ ಬಂದಿದ್ದೇನೆ, ಅದರಲ್ಲಿ 4 ಬಾರಿ "ಸಾಹೇಬರು ಮೀಟಿಂಗಿನಲ್ಲಿದ್ದಾರೆ".

ಆಶ್ರಮದ ಪುಸ್ತಕದಲ್ಲಿ ಆ ದಿನದ ಸಾಲಿನಲ್ಲಿದ್ದದ್ದು "ಹೊರಗೆ" ಎಂಬ ಒಂದೇ ಪದ. ಯಾರೊಂದಿಗೆ, ಎಷ್ಟು ಗಂಟೆಗೆ, ಎಲ್ಲಿಗೆ, ಮರಳಿದಾಗ ಹೇಗಿದ್ದರು ಎಂಬುದು ಯಾವುದೂ ಇಲ್ಲ. ಪ್ರತಿ ಕೇಳಿದರೆ ಅದನ್ನೂ ಕೊಡಲಿಲ್ಲ.

ಮಣಿಪಾಲ: 8 ವರ್ಷದಿಂದ ಇಂಥದೇ ಮನೆ ನಡೆಸುತ್ತಿದ್ದೇನೆ, ಆದ್ದರಿಂದ ಬೈಗುಳದ ಪಾಲು ನನಗೂ ಇದೆಯೆಂದು ತಿಳಿದೇ ಬರೆಯುತ್ತೇನೆ. ರಾತ್ರಿ ಎದ್ದು ಓಡಾಡುವವರನ್ನು ಮಂಚಕ್ಕೆ ಸೀರೆಯಿಂದ ಕಟ್ಟುವುದು ಈ ಕ್ಷೇತ್ರದಲ್ಲಿ ಯಾರೂ ಒಪ್ಪಿಕೊಳ್ಳದ, ಎಲ್ಲರಿಗೂ ಗೊತ್ತಿರುವ ಸಂಗತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕಟ್ಟಿಹಾಕಬಾರದೆಂದೂ, ಕಟ್ಟಬೇಕಾಗಿ ಬಂದರೆ ರೋಗಿ ನಾಮನಿರ್ದೇಶನ ಮಾಡಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕೆಂದೂ ಹೇಳುತ್ತದೆ. ಅದು ಮಾನಸಿಕ ಚಿಕಿತ್ಸಾ ಕೇಂದ್ರಗಳಿಗೆ ಮಾಡಿದ ನಿಯಮ. ನಮ್ಮಲ್ಲಿ ಅದಕ್ಕಿಂತ ಕಡಿಮೆ ಏಕಿರಬೇಕೆಂದು ನಾನೇ ಅದನ್ನು ಹಾಕಿಕೊಂಡಿದ್ದೇನೆ. ಇದಕ್ಕೆ ರಾತ್ರಿಗೊಬ್ಬರು ಹೆಚ್ಚುವರಿ ಕೆಲಸದವರು ಬೇಕಾದರು, ತಿಂಗಳಿಗೆ 16,000.

ನೋಡಲು ಬಂದವರಿಗೆ ನಾನು ಮೊದಲು ಕೊಡುವುದು ಘಟನೆಗಳ ಪುಸ್ತಕ. ಯಾರು ಯಾವಾಗ ಬಿದ್ದರು, ಯಾವ ಮಾತ್ರೆ ತಪ್ಪಿತು, ಯಾವ ಕೆಲಸದವಳು ಗದರಿಸಿದಳು, ಮನೆಯವರಿಗೆ ಎಷ್ಟು ಗಂಟೆಗೆ ಫೋನ್ ಹೋಯಿತು ಎಂಬುದೆಲ್ಲ ಅದರಲ್ಲಿದೆ. ಹೆಸರಿನ ಬದಲು ಹಾಸಿಗೆಯ ಸಂಖ್ಯೆ. ಕಳೆದ ವರ್ಷ ಅದನ್ನು ಓದಿದ ಮೂರು ಕುಟುಂಬದವರು "ಇಲ್ಲಿ ಇಷ್ಟು ಜನ ಬೀಳುತ್ತಾರೆಯೇ" ಎಂದು ಎದ್ದು ಹೋದರು. ಅವರಲ್ಲೊಬ್ಬರು ಸೇರಿಸಿದ ಮನೆಯಲ್ಲಿ ಅಂಥ ಪುಸ್ತಕವೇ ಇರಲಿಲ್ಲ.

ಕದ್ರಿ: ಬಿದ್ದವರ ಲೆಕ್ಕವನ್ನು ಪದಕದಂತೆ ತೋರಿಸುವುದನ್ನು ಈಗಷ್ಟೇ ನೋಡುತ್ತಿದ್ದೇನೆ.

ಬಿಜೈ: ನನಗೆ ಎರಡು ವರ್ಷದ ಹಿಂದೆ ಯಾರಾದರೂ ಅಂಥ ಪುಸ್ತಕವನ್ನು ಕೊಟ್ಟಿದ್ದರೆ ನಾನೂ ಹೆದರಿ ಎದ್ದು ಬರುತ್ತಿದ್ದೆನೇನೋ. ಇವತ್ತು ಎದ್ದು ಬರಲಾರೆ.

ಸುರತ್ಕಲ್: ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. 40 ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದ ನನ್ನ ಅತ್ತೆಗೆ ಕೊನೆಗೆ ಉಳಿದದ್ದು ತುಳು ಒಂದೇ. "ಎಂಕ್ ಬಡಾಪುಂಡು" ಎಂದು ಅವರು ಮಧ್ಯಾಹ್ನವಿಡೀ ಹಸಿವು ತೋಡಿಕೊಂಡರೆ, ನೋಡಿಕೊಳ್ಳುತ್ತಿದ್ದ ಒಡಿಶಾದ ಹುಡುಗಿ ಹಟವೆಂದು ತಿಳಿದು ಬಾಗಿಲು ಹಾಕುತ್ತಿದ್ದಳು. ಅವಳು ಕೆಟ್ಟವಳಲ್ಲ. ನಾವು 25 ಪದಗಳನ್ನು ಬರೆದುಕೊಟ್ಟ ವಾರದಿಂದಲೇ ಅತ್ತೆಯ ತಟ್ಟೆಯಲ್ಲಿ ಗಂಜಿ ಉಳಿಯುವುದು ನಿಂತಿತು.

ಸಂತೆಕಟ್ಟೆ (ಕೇಳಿದವರು): ಮೈ ನೋಡಿ ಬರೆಯುವ ಹಾಳೆಯನ್ನೂ ಘಟನೆಗಳ ಪುಸ್ತಕವನ್ನೂ ಅಚ್ಚಿಗೆ ಕೊಟ್ಟಿದ್ದೇನೆ, ತುಳು, ಕೊಂಕಣಿ ಪದಗಳನ್ನು ಒಡಿಯಾದಲ್ಲಿ ಬರೆಸುತ್ತಿದ್ದೇನೆ. ದೂರು ಕೇಳಲು ನನ್ನ ಸಂಬಳವಿಲ್ಲದ ಹೊರಗಿನವರೊಬ್ಬರು ಬೇಕು, ಇನ್ನೂ ಸಿಕ್ಕಿಲ್ಲ. ಕಾಪುವಿನವರೇ, ಆ ಪುಸ್ತಕದ ಪ್ರತಿ ಕೊನೆಗಾದರೂ ಸಿಕ್ಕಿತೇ?

ಕಾಪು: ಆದೇಶವಾದ ಮೇಲೆ ಕೊಟ್ಟರು. "ಹೊರಗೆ" ಎಂಬುದರ ಮುಂದೆ "ದೇವಸ್ಥಾನಕ್ಕೆ, ಮಗನೊಂದಿಗೆ, ಬೆಳಿಗ್ಗೆ 10" ಎಂದು ಬೇರೆ ಶಾಯಿಯಲ್ಲಿ ಸೇರಿಸಿದ್ದರು.