ಪಾನೀಯದ ಖಾಲಿ ಕ್ಯಾನ್‌ಗಳಿಂದ ಎಚ್‌ಟಿ-2 ವಿಮಾನ: ರೆಕ್ಕೆ ಜೋಡಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಚ್‌ಎಎಲ್ ವಿನ್ಯಾಸಗೊಳಿಸಿದ, 1951ರಲ್ಲಿ ಮೊದಲ ಬಾರಿಗೆ ಹಾರಿದ ಎಚ್‌ಟಿ-2 ತರಬೇತಿ ವಿಮಾನದ 1:24 ಅಳತೆಯ ಮಾದರಿಯನ್ನು ನಾನು ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಕ್ಯಾನ್‌ಗಳಿಂದಲೇ ತಯಾರಿಸುತ್ತಿದ್ದೇನೆ. ಕ್ಯಾನಿನ ಮುಚ್ಚಳ ಮತ್ತು ತಳವನ್ನು ಕತ್ತರಿಸಿ ತೆಗೆದು ನಡುವಿನ ಭಾಗವನ್ನು ಬಿಡಿಸಿದರೆ ಸುಮಾರು 20 ಸೆಂ.ಮೀ. ಉದ್ದದ ತಗಡು ಸಿಗುತ್ತದೆ. ಒಂದು ಬದಿಯ ರೆಕ್ಕೆಯ ಉದ್ದಕ್ಕೆ ಅದು ಸಾಕು. ವಿಮಾನದ ಒಡಲು ಚೆನ್ನಾಗಿಯೇ ಬಂದಿದೆ. ಇಂಕು ಮುಗಿದ ಬಾಲ್‌ಪೆನ್ನಿನ ತುದಿಯಿಂದ ತಗಡಿನ ಹಿಂಬದಿಯನ್ನು ಒತ್ತಿ, ಮುಂಬದಿಯಲ್ಲಿ ರಿವೆಟ್‌ಗಳ ಸಾಲು ಮೂಡಿದ್ದನ್ನು ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ.

ತೊಂದರೆ ಇರುವುದು ರೆಕ್ಕೆ ಒಡಲಿಗೆ ಸೇರುವಲ್ಲಿ. ತಗಡಿನ ದಪ್ಪ ಸುಮಾರು 0.1 ಮಿ.ಮೀ. ಮಾತ್ರ ಇರುವುದರಿಂದ ರೆಕ್ಕೆ ಬುಡದಲ್ಲೇ ಬಾಗುತ್ತದೆ, ಮತ್ತು ಒಮ್ಮೆ ಬಿದ್ದ ಮಡಿಕೆಯ ಗೆರೆ ಮತ್ತೆ ಹೋಗುವುದಿಲ್ಲ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರದಿಂದಾಗಿ ಸಾಮಾನ್ಯ ಬೆಸುಗೆ ಹಿಡಿಯದು. ಒಳಬದಿಯ ಲೇಪನವನ್ನು ಎಮರಿ ಪೇಪರಿನಿಂದ ಉಜ್ಜಿ ಎಪಾಕ್ಸಿ ಅಂಟು ಹಚ್ಚಿದರೂ ಎರಡೇ ದಿನಗಳಲ್ಲಿ ಅಂಚು ಬಿಟ್ಟುಕೊಂಡಿತು.

ಒಂದು ರೆಕ್ಕೆಯಿಂದ ಇನ್ನೊಂದರವರೆಗೆ ಒಡಲಿನ ಮೂಲಕ ಬಿದಿರಿನ ಕಡ್ಡಿಯನ್ನು ಹಾಯಿಸುವುದು ಒಳ್ಳೆಯದೇ, ಅಥವಾ ತಗಡಿನ ಅಂಚಿನಲ್ಲೇ ಸಣ್ಣ ಪಟ್ಟಿಗಳನ್ನು ಬಿಟ್ಟು, ಅವುಗಳನ್ನು ಒಡಲಿನ ಸೀಳಿನೊಳಗೆ ತೂರಿಸಿ ಮಡಚುವುದು ಹೆಚ್ಚು ಗಟ್ಟಿಯೇ? ಮಾದರಿಗೆ ಬಣ್ಣ ಬಳಿಯುವುದಿಲ್ಲವಾದ್ದರಿಂದ ಜೋಡಣೆ ಅಚ್ಚುಕಟ್ಟಾಗಿ ಕಾಣಬೇಕು. ಈ ಕೆಲಸದಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.